ದೇವನಹಳ್ಳಿಯ ಹುಣಸೆ ಮರ, ಲಂಡನ್ನಿನ ಗೋಡೆ

ಪ್ರಿಯ ಕನ್ನಡ ಬಂಧುಗಳೇ,

ಹೊರದೇಶದಿಂದ ರಜೆಗೆ ಊರಿಗೆ ಹೋದಾಗ ನಾವೆಲ್ಲ ಇಳಿಯುವುದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೇ. ಆದರೆ ಲಗೇಜು ಸಿಕ್ಕಿದ್ದೇ ತಡ, ಟ್ಯಾಕ್ಸಿ ಹಿಡಿದು ಹೆಬ್ಬಾಳದ ಕಡೆ ಹೊರಟುಬಿಡುತ್ತೇವೆ. ಅದೇ ತಾಲ್ಲೂಕಿನ ನಲ್ಲೂರಿನಲ್ಲಿ ಐವತ್ತಕ್ಕೂ ಹೆಚ್ಚು ಎಕರೆಯ ಒಂದು ಹಳೆಯ ಹುಣಸೆ ತೋಪಿದೆ. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಆ ತೋಪಿನಲ್ಲಿ ಬೆಂಗಳೂರಿನ ಒಬ್ಬ ಪುಟ್ಟ ಹುಡುಗ ಮರದ ಕಾಂಡಕ್ಕೆ ಅಂಟಿ ಕೂತಿದ್ದ ಜೇಡದ ಫೋಟೊ ತೆಗೆದ. 2023ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯಲ್ಲಿ, ಹತ್ತು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರ ವಿಭಾಗದ ಪ್ರಶಸ್ತಿ ಆ ಚಿತ್ರಕ್ಕೇ ಬಂತು.

ಆ ಸ್ಪರ್ಧೆ ಶುರುವಾದದ್ದು 1965ರಲ್ಲಿ. ಆಗ ಬಂದದ್ದು ಕೆಲವೇ ನೂರು ಚಿತ್ರ. ಈಗ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಬರುತ್ತವೆ, ಅದರಲ್ಲಿ ನೂರು ಮಾತ್ರ ಮ್ಯೂಸಿಯಂನ ಗೋಡೆ ಏರುತ್ತವೆ, ಆಮೇಲೆ ದೇಶದೇಶ ಸುತ್ತುತ್ತವೆ. ಹಿರಿಯರ ಹುಲಿ, ಶಾರ್ಕ್, ಹಿಮಕರಡಿಗಳ ಬಗ್ಗೆ ಪತ್ರಿಕೆಗಳು ಬೇಕಾದಷ್ಟು ಬರೆಯುತ್ತವೆ. ನನಗೆ ಹೇಳಬೇಕೆನ್ನಿಸಿದ್ದು ಎಳೆಯರ ಕೆಲಸದ ಬಗ್ಗೆ.

ಆ ವರ್ಷ ಗೆದ್ದ ಕಿರಿಯರು ಕ್ಯಾಮೆರಾ ಇಟ್ಟದ್ದು ಎಲ್ಲಿ ಅಂತ ನೋಡಿ. 17 ವರ್ಷದ ಇಸ್ರೇಲಿ ಹುಡುಗನೊಬ್ಬ ರಸ್ತೆ ಬದಿಯ ಪಾಳುಬಿದ್ದ ಕಾಂಕ್ರೀಟು ಕಟ್ಟಡದಲ್ಲಿದ್ದ ಗೂಬೆಗಳನ್ನು ಮನೆಯವರ ಕಾರನ್ನೇ ಮರೆ ಮಾಡಿಕೊಂಡು ತೆಗೆದ. ಓಡುವ ವಾಹನಗಳ ದೀಪಗಳು ಚಿತ್ರದಲ್ಲಿ ಬೆಳಕಿನ ಗೆರೆಗಳಾದವು. 18ರಿಂದ 26 ವಯಸ್ಸಿನವರ ವಿಭಾಗದಲ್ಲಿ ಗೆದ್ದ ಫ್ರಾನ್ಸಿನ ತರುಣ ತಾನು ಗೈಡ್ ಆಗಿರುವ ಬೆಟ್ಟಗಳಲ್ಲೇ ಕೊರೆಯುವ ಚಳಿಯಲ್ಲಿ ಒಂದು ರಾತ್ರಿ ಕಳೆದು, ಹೆಪ್ಪುಗಟ್ಟಿದ ಕ್ಯಾಮೆರಾವನ್ನು ಬಾಯಿಯ ಉಸಿರಿನಿಂದ ಬೆಚ್ಚಗೆ ಮಾಡಿ ಐಬೆಕ್ಸ್ ಎಂಬ ಕಾಡುಮೇಕೆಯ ಚಿತ್ರ ತೆಗೆದ. ನಮ್ಮ ಹುಡುಗನಿಗೆ ಸಿಕ್ಕಿದ್ದು ಊರಾಚೆಯ ಹುಣಸೆ ಮರ. ಮೂವರೂ ತಮ್ಮ ಕಾಲಿಗೆ ನಿಲುಕುವ ಜಾಗವನ್ನೇ, ಬೇರೆಯವರು ನಿಲ್ಲದಷ್ಟು ಹೊತ್ತು ನಿಂತು ನೋಡಿದ್ದಾರೆ.

ಕಾಡು, ಪ್ರಾಣಿ ಇಲ್ಲದ ಕಡೆಯೂ ಇದೇ ಕಥೆ. ಆಮ್‌ಸ್ಟರ್‌ಡ್ಯಾಂನಲ್ಲಿ ಫೋಮ್ ಎಂಬ ಛಾಯಾಚಿತ್ರ ಮ್ಯೂಸಿಯಂ ಇದೆ. 35 ವರ್ಷದೊಳಗಿನ ಛಾಯಾಗ್ರಾಹಕರಿಗೆ ಅದು ಪಾಲ್ ಹಫ್ ಪ್ರಶಸ್ತಿ ಕೊಡುತ್ತದೆ. ಹಣದ ಜೊತೆಗೆ ಅಲ್ಲೇ ಒಬ್ಬರದೇ ಪ್ರದರ್ಶನಕ್ಕೂ ಜಾಗ ಸಿಗುತ್ತದೆ. 2019ರಲ್ಲಿ ಅದು ಬಂದದ್ದು ಘಾನಾದ ಎರಿಕ್ ಗ್ಯಾಮ್ಫಿಗೆ. ತೀರಿಹೋದ ಅಮೆರಿಕನ್ ಸಂಗೀತ ಸಂಯೋಜಕ ಜೂಲಿಯಸ್ ಈಸ್ಟ್‌ಮನ್‌ನ ಭಾವಚಿತ್ರದ ಮೇಲೆ ತನ್ನ ಮುಖವನ್ನೂ ಇತರರ ಮುಖಗಳನ್ನೂ ಸೇರಿಸುತ್ತಾ ಹೋಗಿ ಆತ ಗೋಡೆ ತುಂಬ ನೀಲಿ ಮುಖಗಳನ್ನು ಹರಡಿದ. ಬಳಸಿದ್ದು ಸಯನೋಟೈಪ್, 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ. ಕಾಗದಕ್ಕೆ ಕಬ್ಬಿಣದ ಲವಣಗಳ ದ್ರಾವಣ ಬಳಿದು, ಒಣಗಿಸಿ, ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿದು ನೀರಲ್ಲಿ ತೊಳೆದರೆ ಆಯಿತು. ಬೆಳಕು ಬಿದ್ದ ಕಡೆ ನೀಲಿ, ಬೀಳದ ಕಡೆ ಬಿಳಿ. ನೆಗೆಟಿವ್ ಇಲ್ಲದಿದ್ದರೆ ಒಂದು ಹುಣಸೆ ಎಲೆ ಇಟ್ಟರೂ ಅಚ್ಚು ಮೂಡುತ್ತದೆ.

ಈ ಸಲ ಊರಿಗೆ ಹೋದಾಗ ಅಕ್ಕನ ಮಗಳನ್ನು ನಲ್ಲೂರಿಗೆ ಕರೆದುಕೊಂಡು ಹೋಗಿದ್ದೆ. ಹೋದ ಹೊಸದರಲ್ಲಿ ಅವಳು ಫೋನೆತ್ತಿ ತೋಪಿನ ನಾಲ್ಕು ಫೋಟೊ ಹೊಡೆದು, "ಇಲ್ಲೇನೂ ಇಲ್ವಲ್ಲ, ಹೋಗೋಣ" ಅಂದಳು. ಸ್ವಲ್ಪ ಕೂರೋಣ ಅಂದೆ. ಆ ಮರಗಳ ಕಾಂಡಗಳನ್ನು ನೀವು ಕಣ್ಣಾರೆ ನೋಡಬೇಕು. ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿವೆ, ಕೆಲವು ಒಳಗೆಲ್ಲ ಪೊಟರೆಯಾಗಿಯೂ ಮೇಲೆ ಹಸಿರಾಗಿವೆ. ತೊಗಟೆಯ ಬಿರುಕಿನಲ್ಲಿ ಇರುವೆ ಸಾಲು ಹರಿಯುತ್ತಿತ್ತು. ಅವಳು ಅದರ ಹಿಂದೆಯೇ ಕಣ್ಣು ಹಾಯಿಸುತ್ತಾ ಕಾಂಡದ ಇನ್ನೊಂದು ಬದಿಗೆ ಹೋದಳು. ಅಲ್ಲಿ ಓರೆ ಬಿಸಿಲು ಬಿದ್ದಿತ್ತು. ತೊಗಟೆಗೇ ಒತ್ತಿಕೊಂಡಿದ್ದ ಒಂದು ಬಲೆ ಆ ಬಿಸಿಲಿಗೆ ಮಾತ್ರ ಕಾಣುತ್ತಿತ್ತು. ಅರ್ಧ ಹೆಜ್ಜೆ ಸರಿದರೆ ಮಾಯ. ಜೇಡ ಸಿಗಲಿಲ್ಲ. ಆದರೆ ಆಮೇಲೆ ಅವಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಬೆಂಗಳೂರಿಗೆ ಈ ತಾಳ್ಮೆ ಹೊಸದೇನಲ್ಲ. ಹಕ್ಕಿ, ಪ್ರಾಣಿಗಳ ಚಿತ್ರಗಳಿಂದ ದೇಶವಿದೇಶಗಳಲ್ಲಿ ಹೆಸರಾದ ಟಿ.ಎನ್.ಎ. ಪೆರುಮಾಳ್ ನಮ್ಮೂರಿನವರು. ಅವರನ್ನು ತಿದ್ದಿದ ಗುರು ಒ.ಸಿ. ಎಡ್ವರ್ಡ್ಸ್ ಕೂಡ ಇಲ್ಲಿಯವರೇ. ಫಿಲ್ಮಿನ ಕಾಲ ಅದು. ರೋಲಿಗೆ 36 ಚೌಕಟ್ಟು, ತೆಗೆದದ್ದು ಸರಿ ಬಂತೋ ಇಲ್ಲವೋ ತೊಳೆದ ಮೇಲೇ ಗೊತ್ತಾಗಬೇಕು. 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇವತ್ತಿಗೂ ಇದೆ. ಅಂಥ ಕ್ಲಬ್ಬುಗಳಲ್ಲಿ ಬ್ಯಾಂಕು, ಕಾರ್ಖಾನೆಯ ಕೆಲಸ ಮುಗಿಸಿ ಬಂದವರು ಪ್ರಿಂಟುಗಳನ್ನು ಮುಂದಿಟ್ಟುಕೊಂಡು, "ಇಲ್ಲಿ ಕ್ರಾಪ್ ಮಾಡು, ಹಿನ್ನೆಲೆ ಗಲಿಬಿಲಿ ಆಗಿದೆ, ಮತ್ತೆ ಹೋಗಿ ತೆಗಿ" ಅಂತ ಕಿರಿಯರಿಗೆ ಹೇಳಿಕೊಟ್ಟರು. ಸಲೂನ್ ಎಂಬ ಛಾಯಾಚಿತ್ರ ಸ್ಪರ್ಧಾ ಪ್ರದರ್ಶನಕ್ಕೆ ಕಳಿಸಿದ ಪ್ರಿಂಟು ಅಕ್ಸೆಪ್ಟ್ ಆದರೆ ಅವತ್ತು ಹಬ್ಬ.

ಊರಿನಲ್ಲಿ ಚಿತ್ರ ತೂಗುಹಾಕುವ ಗೋಡೆಗಳೂ ಹೆಚ್ಚಿವೆ. ಕಸ್ತೂರಬಾ ರಸ್ತೆಯಲ್ಲಿ ಕೆಂಪು ಬಣ್ಣದ ಸರ್ಕಾರಿ ಮ್ಯೂಸಿಯಂ, ಪಕ್ಕದ ವೆಂಕಟಪ್ಪ ಆರ್ಟ್ ಗ್ಯಾಲರಿ ನಮಗೆಲ್ಲ ಶಾಲೆಯ ಟೂರಿನಿಂದ ಗೊತ್ತು. ಅದೇ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ತೆರೆಯಿತು. ನೀರಿನ ಟ್ಯಾಂಕಿನ ಹಾಗೆ ಉಕ್ಕಿನ ಹಲಗೆ ಹೊದ್ದ ಕಟ್ಟಡ, ಎಲ್ಲರೂ ಮ್ಯಾಪ್ ಅಂತಲೇ ಕರೆಯುತ್ತಾರೆ. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಅಲ್ಲಿ ಪ್ರದರ್ಶಿಸಿದ್ದರು. ಲೈಫ್, ಟೈಮ್ ಪತ್ರಿಕೆಗಳ ತನಕ ಹೋದ ಸತ್ಯನ್ ಜನಸಾಮಾನ್ಯರನ್ನು, ಮಕ್ಕಳನ್ನು ಬಿಟ್ಟು ದೂರ ಹೋದವರಲ್ಲ. ಮುಂದಿನ ಸಲ ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುವ ಒಂದು ಮಧ್ಯಾಹ್ನವನ್ನು ದಯವಿಟ್ಟು ಅಲ್ಲಿಗೆ ಕೊಡಿ. ಫೋನಿನಲ್ಲಿ ಬೆರಳಾಡಿಸಿ ದಾಟಿಸುವ ಚಿತ್ರದ ಮುಂದೆ ಮಗು ನಿಲ್ಲುವುದಿಲ್ಲ, ಪ್ರಿಂಟಿನ ಮುಂದೆ ನಿಲ್ಲುತ್ತದೆ. ಹತ್ತಿರ ಹೋಗುತ್ತದೆ, ಹಿಂದೆ ಸರಿಯುತ್ತದೆ, "ಇದನ್ನ ಹೇಗೆ ತೆಗೆದರು?" ಅಂತ ಕೇಳುತ್ತದೆ. ಎಳೆಯರ ಅಂತರರಾಷ್ಟ್ರೀಯ ಪ್ರಶಸ್ತಿ ಚಿತ್ರಗಳೂ ಬೆಂಗಳೂರಿಗೆ ಮತ್ತೆ ಮತ್ತೆ ಬರಬೇಕು, ಅವುಗಳ ಪಕ್ಕದ ಬರಹ ಕನ್ನಡದಲ್ಲೂ ಇರಬೇಕು. ನಲ್ಲೂರಿನ ಮಕ್ಕಳೂ ಬಂದು ಓದುವ ಹಾಗಿರಬೇಕು.

ಒಂದು ಮಾತು ತಂದೆತಾಯಿಗಳಿಗೆ. ಪ್ರಶಸ್ತಿಯ ಆಸೆ ದೊಡ್ಡವರನ್ನೂ ದಾರಿ ತಪ್ಪಿಸಿದೆ. ಅದೇ ಲಂಡನ್ ಸ್ಪರ್ಧೆಯಲ್ಲಿ ಗೆದ್ದಿದ್ದ ತೋಳದ ಚಿತ್ರವನ್ನು 2010ರಲ್ಲಿ, ಅದು ಪಳಗಿಸಿದ ತೋಳ ಇರಬಹುದೆಂದು ಅನರ್ಹಗೊಳಿಸಿದರು. ಇರುವೆಭಕ್ಷಕವೊಂದರ ಚಿತ್ರದಲ್ಲಿದ್ದದ್ದು ಹುಲ್ಲು ತುಂಬಿದ ಸತ್ತ ಪ್ರಾಣಿ ಎಂದು ತೀರ್ಮಾನಿಸಿ 2018ರಲ್ಲಿ ಅದನ್ನೂ ಹೊರಹಾಕಿದರು. ಸುದ್ದಿಚಿತ್ರಗಳಿಗಾಗಿ ನಡೆಯುವ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ 2015ರಲ್ಲಿ ಕೊನೆಯ ಹಂತಗಳಿಗೆ ಬಂದಿದ್ದ ಚಿತ್ರಗಳಲ್ಲಿ ಐದರಲ್ಲೊಂದು, ಕ್ಯಾಮೆರಾದ ತಿದ್ದದ ಮೂಲ ಫೈಲಿನೊಂದಿಗೆ ಹೋಲಿಸಿದ ಪರಿಶೀಲನೆಯಲ್ಲೇ ಬಿದ್ದುಹೋಯಿತು. ಆದ್ದರಿಂದ ಮಗುವಿನ ಫೋಟೊಗೆ ನೀವು ಕೈಯಾಡಿಸಬೇಡಿ. ಆಕಾಶ ಮಂಕಾಗಿದ್ದರೆ ಮಂಕಾಗಿಯೇ ಇರಲಿ. ಗೂಡಿನಲ್ಲಿ ಮರಿ ಇರುವ ಹಕ್ಕಿಯ ಹತ್ತಿರಕ್ಕಂತೂ ಫೋಟೊಗಾಗಿ ಯಾರೂ ಹೋಗಬಾರದು. ತಾಯಿ ಹಕ್ಕಿ ಹೆದರಿ ಗೂಡು ಬಿಟ್ಟರೆ ಮರಿಗಳು ಉಳಿಯುವುದಿಲ್ಲ.

ಇಷ್ಟೆಲ್ಲ ಯೋಚಿಸಿ, ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಫೋಟೊ ಸ್ಪರ್ಧೆಯನ್ನು ಬದಲಿಸಲು ಸಮಿತಿಯ ಒಪ್ಪಿಗೆ ಪಡೆದಿದ್ದೇನೆ. ಇನ್ನು ಮೇಲೆ ಒಂಟಿ ಫೋಟೊ ತೆಗೆದುಕೊಳ್ಳುವುದಿಲ್ಲ. 18 ವರ್ಷದೊಳಗಿನ ಯಾರಾದರೂ ಒಂದೇ ವಿಷಯದ ಮೇಲೆ ಐದು ಚಿತ್ರ ಕೊಡಬೇಕು. ಅಜ್ಜಿ ಮನೆಯ ಹಿತ್ತಲಾಗಬಹುದು, ಗಾಂಧಿ ಬಜಾರಿನ ಒಂದು ಹೂವಿನ ಅಂಗಡಿಯಾಗಬಹುದು, ಇಲ್ಲಿಯ ನಮ್ಮ ಬಸ್ ನಿಲ್ದಾಣವೂ ಆಗಬಹುದು. ಫೋನಿನಲ್ಲಿ ತೆಗೆದರೂ ಸರಿ. ಪ್ರಿಂಟಿನ ಖರ್ಚು ಸಂಘದ್ದು, ಸಭಾಂಗಣದ ಒಂದು ಗೋಡೆ ಪೂರ್ತಿ ಮಕ್ಕಳದ್ದು, ಮೂಲ ಫೈಲುಗಳನ್ನೂ ಕಳಿಸಬೇಕು. ಐದು ಚಿತ್ರದ ಜೊತೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕು: ಎಲ್ಲಿ ತೆಗೆದದ್ದು, ಎಷ್ಟು ಹೊತ್ತು ಕಾದದ್ದು, ಏನು ಕಂಡದ್ದು. ಬರೆಯಲು ಬಾರದ ಮಕ್ಕಳು ಬಾಯಲ್ಲಿ ಹೇಳಲಿ, ಅಪ್ಪ ಅಮ್ಮ ಅವರ ಮಾತಿನಲ್ಲೇ ಬರೆದುಕೊಡಲಿ.