ಗವಾನ್ ಮದರಸಾಕ್ಕೆ ಹೊಸ ಟೈಲ್ಸ್ ಬೇಡ

ಮಾನ್ಯ ಸಂಪಾದಕರೇ,

ಮೂವತ್ತೆಂಟು ವರ್ಷಗಳಿಂದ ಬೀದರ್‌ನಲ್ಲಿ ಬಿದ್ರಿ ಕೆಲಸ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕುಸುರಿ, ಮಾಡುತ್ತಿದ್ದೇನೆ. ನಮ್ಮೂರಿನ ಹಳೆಯ ಮಹಮೂದ್ ಗವಾನ್ ಮದರಸಾಕ್ಕೆ ಹೊಸ ಟೈಲ್ಸ್ ಹಚ್ಚಬೇಕೆಂಬ ಮಾತು ನಮ್ಮ ಓಣಿಯಲ್ಲಿ ಎದ್ದಿದೆ. ಕಳೆದ ಏಪ್ರಿಲ್‌ನಲ್ಲಿ ಹೆಂಡತಿಯೊಂದಿಗೆ ಉಜ್ಬೇಕಿಸ್ತಾನದ ಸಮರ್ಕಂದಕ್ಕೆ ಹೋಗಿ ಬಂದೆ. ಮಗಳು ಅಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ದೆಹಲಿಯಿಂದ ತಾಷ್ಕೆಂಟಿಗೆ ಮೂರು ತಾಸು ವಿಮಾನ, ಮುಂದೆ ಎರಡು ತಾಸು ರೈಲು.

ರೆಗಿಸ್ತಾನ್ ಚೌಕದಲ್ಲಿ ಮೂರು ಮದರಸಾಗಳಿವೆ. ಎಡಗಡೆಯದು ಮಧ್ಯ ಏಷ್ಯಾದ ದೊರೆ ತೈಮೂರನ ಮೊಮ್ಮಗ ಉಲೂಗ್ ಬೇಗ್ 1420ರಲ್ಲಿ ಕಟ್ಟಿ ಮುಗಿಸಿದ್ದು. ಅರಸನಾದರೂ ಅವನ ಜೀವವೆಲ್ಲ ನಕ್ಷತ್ರಗಳಲ್ಲಿತ್ತು. ಹೆಬ್ಬಾಗಿಲ ನೆತ್ತಿಯ ಮೇಲೂ ನಕ್ಷತ್ರಗಳೇ. ಎತ್ತರದ ಕಮಾನು, ಮೂಲೆಯಲ್ಲಿ ದಪ್ಪ ಮಿನಾರು, ಮೈತುಂಬ ನೀಲಿ. ಹೆಂಡತಿ ನನ್ನ ತೋಳು ಹಿಡಿದು, "ನಾವು ನಮ್ಮೂರ ಗವಾನ್ ಚೌಕಕ್ಕೇ ಬಂದು ನಿಂತೆವಲ್ಲ" ಎಂದಳು. ಹೆಬ್ಬಾಗಿಲಿಗೆ ಅಲ್ಲಿಯವರು 'ದರ್ವೋಜಾ' ಎನ್ನುತ್ತಾರೆ. ಶಹಾಗಂಜ್ ದರ್ವಾಜಾ, ಫತೇ ದರ್ವಾಜಾ ಎನ್ನುತ್ತ ಬೆಳೆದ ನಮಗೆ ಆ ಒಂದು ಮಾತಿಗೇ ಪರದೇಶದ ಅಳುಕು ಹೋಯಿತು.

ಊರಿಗೆ ಬಂದು ಮೊಬೈಲ್‌ನಲ್ಲಿ ಚಿತ್ರ ತೋರಿಸಿದಾಗ ಓಣಿಯ ಹುಡುಗರು, "ಕಾಕಾ, ನಮ್ಮ ಮದರಸಾಕ್ಕೂ ಹೊಸ ಟೈಲ್ಸ್ ಹಚ್ಚಿ ಹೀಗೆ ಹೊಳೆಯುವ ಹಾಗೆ ಮಾಡಬೇಕು" ಎಂದರು. ದೊಡ್ಡವರೂ ತಲೆಯಾಡಿಸಿದರು. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಸಮರ್ಕಂದದಲ್ಲಿ ಕಣ್ಣು ಕುಕ್ಕುವುದೆಲ್ಲ ಹಳೆಯದಲ್ಲ. ಎಲ್ಲರೂ ಚಿತ್ರ ತೆಗೆಯುವ, ಅದೇ ಚೌಕದ ತಿಲ್ಯಾ ಕೋರಿ ಮದರಸಾದ ನೀಲಿ ಗುಮ್ಮಟವನ್ನು 17ನೇ ಶತಮಾನದವರು ಪೂರ್ತಿ ಮಾಡಿರಲೇ ಇಲ್ಲ. ಈಗಿರುವುದು 20ನೇ ಶತಮಾನದ್ದು. ಅಲ್ಲಿಂದ ದಕ್ಷಿಣಕ್ಕೆ ಗುಡ್ಡ ದಾಟಿದರೆ ತೈಮೂರನ ಹುಟ್ಟೂರಿನ ಸೀಮೆ, ಶಹರಿಸಬ್ಜ್. ಪ್ರವಾಸಿಗರಿಗೆಂದು ಅಲ್ಲಿ ಹಳೆಯ ಓಣಿಗಳನ್ನೇ ಕೆಡವಿದ್ದರಿಂದ ಯುನೆಸ್ಕೊ 2016ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸವನ್ನೂ ಕಂಡೆ. ಉಲೂಗ್ ಬೇಗನ ಮದರಸಾದ ವಾಲಿದ ಮಿನಾರನ್ನು 1932ರಲ್ಲಿ ಕೆಡವದೆ ನೆಟ್ಟಗೆ ನಿಲ್ಲಿಸಿದ್ದಾರೆ. ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ.

ಹೋದ ವರ್ಷ ಒಬ್ಬರು ಅಜ್ಜಿಯ ಕಾಲದ ಬಿದ್ರಿ ಪಾನ್‌ದಾನ್ (ಎಲೆ-ಅಡಿಕೆಯ ಡಬ್ಬಿ) ತಂದಿದ್ದರು. ಒಂದು ಬದಿಯಲ್ಲಿ ಬೆಳ್ಳಿ ತಂತಿ ಎದ್ದಿತ್ತು, ಇನ್ನೊಂದು ಬದಿಯ ಹೂವು ಸವೆದು ಗೀರು ಕೂಡ ಉಳಿದಿರಲಿಲ್ಲ. ಎದ್ದ ತಂತಿಯನ್ನು ಅದರ ಗೀರಿನಲ್ಲೇ ಕೂರಿಸಿ, ಸಣ್ಣ ಸುತ್ತಿಗೆಯಿಂದ ತಟ್ಟಿ ಭದ್ರ ಮಾಡಿದೆ. ಸವೆದ ಬದಿಯನ್ನು ಕಪ್ಪಾಗಿಯೇ ಬಿಟ್ಟೆ. ಅವರು ಸಿಟ್ಟಾದರು. ಅಲ್ಲಿ ಉಳಿ ಇಟ್ಟರೆ ಅದು ನನ್ನ ಹೂವಾಗುತ್ತದೆಯೇ ಹೊರತು ಅಜ್ಜಿಯ ಪಾನ್‌ದಾನಿನ ಹೂವಾಗುವುದಿಲ್ಲ ಎಂದು ಹೇಳಿ ಕಳುಹಿಸಿದೆ.

ಮದರಸಾದ ಮಾತೂ ಇದೇ. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗಿಲಾನ್‌ನಿಂದ ಬಂದು ಬಹಮನಿ ರಾಜ್ಯದ ವಜೀರನಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ವಿದ್ಯಾಲಯ ಅದು. 1481ರಲ್ಲಿ ಸುಲ್ತಾನನ ಆಜ್ಞೆಯಿಂದ ಅವನ ತಲೆ ಹೋಯಿತು. ಔರಂಗಜೇಬನ ಕಾಲದಲ್ಲಿ ಸಿಡಿಲು ಬಡಿದು, ಒಳಗಿಟ್ಟಿದ್ದ ಸಿಡಿಮದ್ದು ಸ್ಫೋಟಗೊಂಡು, ಮುಂಭಾಗದ ಒಂದು ಪಾಲು ಮತ್ತು ಒಂದು ಮಿನಾರು ಹೋದವು. ಉಳಿದ ಮಿನಾರಿನ ಅಂಕುಡೊಂಕು ಪಟ್ಟಿಗಳ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ಒಮ್ಮೆ ಹತ್ತಿರ ಹೋಗಿ ನೋಡಿ. ಒಂದು ನೀಲಿ ಇನ್ನೊಂದು ನೀಲಿಯಂತಿಲ್ಲ. ಕೆಲವು ಕಡೆ ಹೊಳಪು ಹೋಗಿ ಮಣ್ಣು ಕಾಣುತ್ತದೆ. ಆ ನೀಲಿಯನ್ನು ಸುಟ್ಟು ತೆಗೆದ ಕೈ ಈಗ ಯಾರಿಗೂ ಇಲ್ಲ. ಬಿದ್ದುಹೋದ ಭಾಗದಲ್ಲಿ ಯಾವ ಅಕ್ಷರವಿತ್ತು, ಯಾವ ಬಳ್ಳಿಯಿತ್ತು ಎಂದು ಊಹಿಸಿ ಹಚ್ಚಿದರೆ ಗವಾನನ ಕಟ್ಟಡದ ಮೇಲೆ ನಮ್ಮ ಊಹೆ ಕೂರುತ್ತದೆ.

ಸಂಬಂಧಪಟ್ಟವರಲ್ಲಿ ನನ್ನ ಬೇಡಿಕೆ ಇಷ್ಟೆ. ಉಳಿದಿರುವ ಟೈಲ್ಸ್‌ನಲ್ಲಿ ಸಡಿಲಾದವನ್ನು ಮಳೆಗಾಲಕ್ಕೆ ಮುಂಚೆ ಇದ್ದ ಜಾಗದಲ್ಲೇ ಭದ್ರಪಡಿಸಿ. ಕಟ್ಟಡ ಪೂರ್ತಿ ಇದ್ದಾಗ ಹೇಗೆ ಕಾಣುತ್ತಿದ್ದಿರಬಹುದು ಎಂಬುದನ್ನು ಹೊರಗೆ ಒಂದು ದೊಡ್ಡ ಚಿತ್ರದಲ್ಲಿ, ಕನ್ನಡದ ವಿವರಣೆಯೊಂದಿಗೆ ತೋರಿಸಿ. ಬರಿದಾದ ಗೋಡೆಯನ್ನು ಬರಿದಾಗಿಯೇ ಬಿಡಿ. ಕೆಲಸಕ್ಕೆ ಕೈ ಹಚ್ಚುವ ಮೊದಲು ಊರಿನ ಬಿದ್ರಿ ಕೆಲಸಗಾರರನ್ನೂ ಒಮ್ಮೆ ಕರೆದು ಕೇಳಿ. ನಾವು ಉಳಿ ಕೆಳಗಿಟ್ಟು ಬರುತ್ತೇವೆ.

ಇಂತಿ,
ಒಬ್ಬ ಬಿದ್ರಿ ಕೆಲಸಗಾರ, ಬೀದರ್