ಬುಟ್ಟಿ ಏರಲಿ, ನೀವು ಏರಬ್ಯಾಡ್ರಿ ಅಂದವರಿಗೆ

ಒಂದು ಊರಿನ ಹಳೇ ಬಾವಿಯ ಹೂಳು ತೆಗೆದ ನಮ್ಮ ಕಾಲೇಜು ಶಿಬಿರ ಮುಗಿಸಿ ಗದಗಕ್ಕೆ ಬಂದು ಮೂರು ವಾರ ಆಯ್ತು. ಅಂಗೈಯಲ್ಲಿ ಎದ್ದಿದ್ದ ಬೊಬ್ಬೆಗಳು ಒಣಗಿ ಸಿಪ್ಪೆ ಸುಲಿದಿವೆ. ಚೂಡಿದಾರಕ್ಕೆ ಹತ್ತಿದ ಹೂಳಿನ ಕಲೆ ಮಾತ್ರ ಎಷ್ಟು ಒಗೆದರೂ ಹೋಗಿಲ್ಲ. ಸಮಾರೋಪದ ದಿನ ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಯಾರನ್ನೂ ಮರೆಯಬಾರದು ಅಂತ ಚೀಟಿ ಬರೆದುಕೊಂಡಿದ್ದೆ. ಮೈಕ್ ಹಿಡಿದು ನಾಲ್ಕು ಮಾತು ಆಡುವಷ್ಟರಲ್ಲಿ ಗಂಟಲು ಕಟ್ಟಿತು. ಅಳು ಬಂದು ಕೂತುಬಿಟ್ಟೆ. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಅವತ್ತು ಬಾಯಿಂದ ಬರದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿನ ಹುಡುಗರ ಮೊಬೈಲಿಗೆ ಇದು ಮುಟ್ಟೇ ಮುಟ್ಟುತ್ತದೆ. ಓದು ಬಾರದ ಹಿರಿಯರಿಗೆ ದಯವಿಟ್ಟು ಯಾರಾದರೂ ಓದಿ ಹೇಳಿ.

ಊರಿನ ಹೆಸರು ಹಾಕುತ್ತಿಲ್ಲ. ಹಾಕಬೇಕೆಂದು ಆಸೆ ಇತ್ತು. ಆ ಬಾವಿಯನ್ನು ಚೆನ್ನಾಗಿ ಬಲ್ಲ ಊರ ಹಿರಿಯರು, ನಾವು ಬಾವಿ ಅಜ್ಜ ಅಂತ ಕರೆಯುತ್ತಿದ್ದವರು, ಬೇಡ ಅಂದರು. "ಹೆಸರು ಹಾಕಬ್ಯಾಡವಾ. ಬಾವಿ ಚಲೋ ಆಗೇತಿ ಅಂದ್ರ ಮಂದಿ ನೋಡಾಕ ಬರ್ತಾರ. ಬಂದವ್ರು ಬಾಟ್ಲಿ ಒಗದು ಹೋಗ್ತಾರ." ಕಪ್ಪತಗುಡ್ಡದ ಸೆರಗಿನಲ್ಲಿರುವ ಒಂದು ಊರು ಅಂದರೆ ಸಾಕು. ರಾತ್ರಿ ಹೊರಗೆ ಬಂದು ನಿಂತರೆ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪ ಮಿಣುಕುವುದು ಕಾಣುತ್ತದೆ.

ಪರೀಕ್ಷೆ ಮುಗಿದ ರಜೆಯಲ್ಲಿ ನಾವು 50 ಜನ ಅಲ್ಲಿಗೆ ಹೋಗಿದ್ದೆವು. 27 ಹುಡುಗರು, 23 ಹುಡುಗಿಯರು. ನಮ್ಮ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದ ವಾರ್ಷಿಕ ವಿಶೇಷ ಶಿಬಿರ, 7 ದಿನ. ಎನ್‌ಎಸ್‌ಎಸ್ ಶುರುವಾದದ್ದು ಗಾಂಧೀಜಿಯ ಜನ್ಮ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ಕ್ಕೆ, 37 ವಿಶ್ವವಿದ್ಯಾಲಯಗಳಲ್ಲಿ. ಇದರಲ್ಲಿ ಸೇರಿದವರು ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. 'ನನಗಲ್ಲ, ನಿನಗೆ' ಅನ್ನುವುದು ಘೋಷವಾಕ್ಯ. ನಮ್ಮ ಬ್ಯಾಡ್ಜಿನ ಮೇಲೆ ಕೊನಾರ್ಕದ ಸೂರ್ಯ ದೇವಾಲಯದ ರಥದ ಚಕ್ರ ಇರುತ್ತದೆ. ಮೂರನೇ ಇಯತ್ತೆಯ ಒಬ್ಬ ಹುಡುಗ ಅದನ್ನು ಮುಟ್ಟಿ "ಅಕ್ಕಾ, ಇದು ಚಕ್ಕಡಿ ಗಾಲಿ ಏನ್ರಿ?" ಅಂತ ಕೇಳಿದ. ಎಂಟು ಕಡ್ಡಿ ಅಂದರೆ ದಿನದ 24 ಗಂಟೆ ಅಂತ ವಿವರಿಸಿದೆ. ಅವನಿಗೆ ಚಕ್ಕಡಿ ಗಾಲಿಯೇ ಹೆಚ್ಚು ಇಷ್ಟವಾಯ್ತು. ಅವನ ಶಾಲೆಯ ಕೋಣೆಯಲ್ಲೇ ನಾವು ಹುಡುಗಿಯರು ಮಲಗುತ್ತಿದ್ದೆವು. ಮಕ್ಕಳು ಬರುವುದರೊಳಗೆ ಹಾಸಿಗೆ ಸುತ್ತಿಟ್ಟು ಕಸ ಹೊಡೆಯುತ್ತಿದ್ದೆವು. ಬೀಗದ ಕೈಯನ್ನು ನಮ್ಮ ಕೈಗೇ ಕೊಟ್ಟು ನಂಬಿದ ಗುರುಮಾತೆಯರಿಗೆ ಮೊದಲ ನಮಸ್ಕಾರ.

ಕೆಲಸ ಇದ್ದದ್ದು ಊರ ಬಾವಿಯಲ್ಲಿ. ಚೌಕದ ಬಾವಿ, ಒಂದು ಬದಿಗೆ ಕಲ್ಲಿನ ಮೆಟ್ಟಿಲು. ಬೋರ್‌ವೆಲ್ ಬಂತು, ಆಮೇಲೆ ಮನೆಮನೆಗೆ ನಲ್ಲಿ ಬಂತು. ಬಾವಿಗೆ ಬರುವವರು ನಿಂತರು. ಬಾವಿಗೆ ಒಗೆಯುವವರು ಶುರುವಾದರು. ಬಣ್ಣದ ಗಣಪತಿಗಳು, ಒಡೆದ ದೇವರ ಫೋಟೋಗಳು, ಮದುವೆ ಊಟದ ಪ್ಲಾಸ್ಟಿಕ್ ಲೋಟಗಳು, ಚಪ್ಪಲಿ. ನಾವು ಹೋದಾಗ 26 ಮೆಟ್ಟಿಲು ಕಾಣುತ್ತಿದ್ದವು. ಅದರ ಕೆಳಗೆ ಹಸಿರುಗಟ್ಟಿದ ನೀರು, ನೀರಿನ ಕೆಳಗೆ ಹೂಳು.

ಮೊದಲ ದಿನ ಸಲಿಕೆ, ಬುಟ್ಟಿ ಹಿಡಿದು ಹುರುಪಿನಲ್ಲಿ ಇಳಿಯಲು ಹೊರಟೆವು. ಬಾವಿ ಅಜ್ಜ ಮೇಲಿನ ಮೆಟ್ಟಿಲಿಗೆ ತಮ್ಮ ಬಡಿಗೆ ಅಡ್ಡ ಹಿಡಿದು ನಿಂತರು. ಮನೆಯಿಂದ ಕಂದೀಲು ತರಿಸಿದರು. ಹಚ್ಚಿ, ಹಗ್ಗಕ್ಕೆ ಕಟ್ಟಿ, ಮೆಲ್ಲಗೆ ಕೆಳಗೆ ಬಿಟ್ಟರು. ನಾವೆಲ್ಲ ಸುಮ್ನೆ ನೋಡುತ್ತಾ ನಿಂತೆವು. "ತಳದಾಗ ಗಾಳಿ ಕೆಟ್ಟಿರತೈತಿ. ದೀಪ ಆರಿತಂದ್ರ ಮನಶ್ಯಾನೂ ಆರ್ತಾನ." ದೀಪ ಆರಲಿಲ್ಲ, ಆದರೆ ನೀರಿನ ಹತ್ತಿರ ಹೋದಾಗ ಸಣ್ಣಗಾಯ್ತು. ಅಷ್ಟಕ್ಕೇ ಅಜ್ಜ ನಮ್ಮನ್ನು ಬಿಡಲಿಲ್ಲ. ಬೇವಿನ ಟೊಂಗೆಗಳ ದೊಡ್ಡ ಹೊರೆ ಕಟ್ಟಿಸಿದರು. ಅದನ್ನು ಹಗ್ಗದಲ್ಲಿ ಅರ್ಧ ತಾಸು ಮೇಲೆ ಕೆಳಗೆ ಆಡಿಸಿ ಒಳಗಿನ ಗಾಳಿ ಕಲಕಿಸಿದರು. ಮತ್ತೆ ಕಂದೀಲು ಬಿಟ್ಟರು. ಈ ಸಲ ದೀಪ ನೆಟ್ಟಗೆ ಉರಿಯಿತು. ಆಮೇಲೆಯೇ ಬಡಿಗೆ ತೆಗೆದರು. ಮುಂದೆ ದಿನಾ ಬೆಳಿಗ್ಗೆ ಇದೇ ಕ್ರಮ. ಹಳೇ ಬಾವಿಗೆ ಒಬ್ಬ ಇಳಿದು ಬಿದ್ದ, ಅವನನ್ನು ಎತ್ತಲು ಹೋದವನೂ ಬಿದ್ದ ಅನ್ನುವ ಸುದ್ದಿ ನಾವು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ, ಅಲ್ವಾ? ಕಸ ಕೊಳೆತು ಹುಟ್ಟಿದ ಗಾಳಿ ತಳದಲ್ಲಿ ನಿಂತು, ಉಸಿರಾಡುವ ಗಾಳಿಗೆ ಜಾಗವೇ ಇರುವುದಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನಮ್ಮ ಹತ್ತಿರ ಇತ್ತು. ಈ ಬುದ್ಧಿ ಇರಲಿಲ್ಲ. ಅಜ್ಜಾ, ಅವತ್ತು ನೀವು 50 ಮನೆಯ ಮಕ್ಕಳನ್ನು ಕಾಯ್ದಿರಿ.

ಎರಡನೇ ದಿನ ನೀರು ಹೊರಗೆ ಹಾಕಬೇಕಿತ್ತು. ಪಂಪು ಕೊಡುತ್ತೇನೆ ಅಂತ ಒಪ್ಪಿಕೊಂಡವರು ಫೋನ್ ಎತ್ತಲಿಲ್ಲ. ಹತ್ತು ಗಂಟೆಯಾಯ್ತು, ಹನ್ನೊಂದಾಯ್ತು. 50 ಜನ ಬಿಸಿಲಿನಲ್ಲಿ ಕೈ ಕಟ್ಟಿ ಕೂತಿದ್ದೆವು. ಶಿಬಿರದ ನಾಯಕಿ ನಾನು. ನನ್ನ ಹೊಟ್ಟೆಯಲ್ಲಿ ಆಗುತ್ತಿದ್ದ ಸಂಕಟ ನನಗೇ ಗೊತ್ತು. ಆಗ ಒಬ್ಬ ರೈತರು, ನಾವೆಲ್ಲ ಕಾಕಾ ಅಂತ ಕರೆಯುತ್ತಿದ್ದವರು, ಹೊಲದಿಂದ ತಮ್ಮ ಡೀಸೆಲ್ ಎಂಜಿನ್ ಕಿತ್ತು ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ಬೇಸಿಗೆ ಶೇಂಗಾಕ್ಕೆ ನೀರು ಹಾಯಿಸುವ ಹೊತ್ತು ಅದು. ಎರಡು ದಿನ ಎಂಜಿನ್ ನಮ್ಮ ಹತ್ತಿರವೇ ಇತ್ತು. ಅಲ್ಲಿ ಅವರ ಬೆಳೆ ಬಾಡುತ್ತಿತ್ತು. ಬಾಡಿಗೆ ಕೇಳಿದರೆ ತಲೆ ಅಲ್ಲಾಡಿಸಿದರು. ಅವತ್ತು ಸಂಜೆ ನಮ್ಮ ಸರ್ ಉಪನ್ಯಾಸದಲ್ಲಿ ಕಣಗಿನಹಾಳದ ವಿಷಯ ಹೇಳುತ್ತಿದ್ದರು. ಇದೇ ಗದಗ ಜಿಲ್ಲೆಯ ಆ ಊರಿನಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದದ್ದು ಅಂತ. ಹಿಂದೆ ಕೂತಿದ್ದ ಕಾಕಾ ಎದ್ದು ನಿಂತು, "ಹಂಗಾರ ಸರ್, ನನ್ನ ಮುಯ್ಯಿ ನೀವ ತೀರಸ್ರಿ. ಎಂಜಿನ್ ಬಂದ ರಾತ್ರಿ ನಾಕ ಹುಡುಗರನ್ನ ಕಳಸ್ರಿ" ಅಂದರು. ನಾಲ್ವರಲ್ಲ, ಒಂಬತ್ತು ಜನ ಹೋದರು. ಬೆಳಗಿನ ಜಾವದವರೆಗೆ ಪೈಪು ಎಳೆದು ನೀರು ಕಟ್ಟಿ ಬಂದರು. ಕಾಕಾ, ಶೇಂಗಾ ಚೇತರಿಸಿಕೊಂಡಿದೆ ಅಂತ ನೀವು ಕಳಿಸಿದ ಫೋಟೋ ನಮ್ಮ ಗ್ರೂಪಿನಲ್ಲಿ ಎಲ್ಲರೂ ನೋಡಿದ್ದೇವೆ.

ಮೂರನೇ ದಿನದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು.

ನಾವು ಬಸ್ಸಿಳಿದ ದಿನ ಒಬ್ಬ ಅಕ್ಕ ತಮ್ಮ ಕಟ್ಟೆಯ ಮೇಲೆ ನಿಂತು ನಮಗೆ ಕೇಳುವ ಹಾಗೇ ಹೇಳಿದ್ದರು. "ಫೋಟೋ ಹೊಡಸ್ಕೊಳ್ಳಾಕ ಬಂದಾರ ನೋಡ್ರಿ. ಎರಡ ದಿನ ಕಸಾ ಬಳದಂಗ ಮಾಡಿ ಹೋಗ್ತಾರ." ನಮಗೆ ಚುಚ್ಚಿತು. ಆದರೆ ಅವರು ಹಿಂದೆ ಅಂಥದ್ದನ್ನು ಕಣ್ಣಾರೆ ಕಂಡವರು, ಹಾಗಾಗಿ ಆಡಿದ್ದರು. ಮೂರನೇ ದಿನ ಹೂಳು ತೆಗೆಯಲು ಶುರು ಮಾಡಿದೆವು. ಪ್ರತಿಯೊಬ್ಬರೂ ಒಂದೊಂದು ಬುಟ್ಟಿ ತುಂಬಿಕೊಂಡು ಮೆಟ್ಟಿಲು ಹತ್ತುವುದು, ಸುರಿದು ಮತ್ತೆ ಇಳಿಯುವುದು. ಹಸಿ ಹೂಳಿನ ಬುಟ್ಟಿ 12 ಕಿಲೋ ಆದರೂ ತೂಗುತ್ತದೆ. ಎರಡು ತಾಸಿನಲ್ಲಿ ಮೇಲೆ ಬಂದದ್ದು 180 ಬುಟ್ಟಿ. ಅಷ್ಟರಲ್ಲಿ ಅರ್ಧ ಜನ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಒಬ್ಬಳಿಗೆ ಕಣ್ಣು ಕತ್ತಲೆ ಬಂತು.

ಆ ಅಕ್ಕ ಬಾವಿಯ ದಂಡೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದರು. ಉದ್ಯೋಗ ಖಾತ್ರಿಯಲ್ಲಿ ಕೆರೆ, ಕೃಷಿ ಹೊಂಡ ತೋಡಿ ಪಳಗಿದ ಕೈ ಅವರದು. ಸೆರಗು ಸಿಕ್ಕಿಸಿಕೊಂಡು ಇಳಿದೇಬಿಟ್ಟರು. "ಏ ತಂಗಿ, ಹಿಂಗ ಏರಿ ಇಳದ್ರ ಕಾಲು ಬೀಳ್ತಾವ, ಕೆಲಸ ಸಾಗಂಗಿಲ್ಲ. ಒಂದೊಂದ ಮೆಟ್ಟಿಲಾ ಬಿಟ್ಟು ನಿಂದರ್ರಿ. ಎದರಾ ಬದರಾ ನಿಂದರ್ರಿ. ಬುಟ್ಟಿ ಏರಲಿ, ನೀವು ಏರಬ್ಯಾಡ್ರಿ." ಒಂದು ಸಾಲಿನಲ್ಲಿ ತುಂಬಿದ ಬುಟ್ಟಿ ಮೇಲೆ ಹೋಗಬೇಕು, ಇನ್ನೊಂದು ಸಾಲಿನಲ್ಲಿ ಖಾಲಿ ಬುಟ್ಟಿ ಕೆಳಗೆ ಬರಬೇಕು. ಅರ್ಧ ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟದ ಒಂದೇ ಕಡೆ ಹಿಡಿದುಕೊಳ್ಳುತ್ತದೆ. ಬುಟ್ಟಿ ಕೊಡುವವರು ಎದುರಿನವರ ಕೈ ನೋಡಬಾರದು, ಮುಖ ನೋಡಬೇಕು. ಇದು ಯಾಕೆ ಅಂತ ನಿಂತು ಮಾಡಿದಾಗಲೇ ತಿಳಿಯಿತು. ಮುಖ ನೋಡಿದರೆ ಅವರಿಗೆ ಸುಸ್ತಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಆಮೇಲಿನ ಎರಡು ತಾಸಿನಲ್ಲಿ 700 ಬುಟ್ಟಿ ದಾಟಿತು. ಅದೇ ಜನ, ಅದೇ ಬುಟ್ಟಿ, ಅದೇ ಬಿಸಿಲು.

ಮೇಲೆ ಟ್ರಾಲಿಯವರೆಗೆ ತಲೆಯ ಮೇಲೆ ಹೊರುವವರಿಗೆ ತಮ್ಮ ಹಳೇ ಸೀರೆ ಹರಿದು ಸಿಂಬಿ ಸುತ್ತಿಕೊಟ್ಟರು. ಆ ದಿನದಿಂದ ಕೊನೆಯವರೆಗೂ ತಮ್ಮ ಕೂಲಿ ಬಿಟ್ಟು ನಮ್ಮ ಜೊತೆ ನಿಂತರು. ಅಕ್ಕಾ, ಮೊದಲ ದಿನದ ಮಾತಿಗೆ ನೀವು ಬೇಜಾರು ಮಾಡಿಕೊಂಡಿದ್ದೀರಿ ಅಂತ ಕೇಳಿದೆ. ಮಾಡಿಕೊಳ್ಳಬೇಡಿ. ಆ ಮಾತು ಚುಚ್ಚದೆ ಹೋಗಿದ್ದರೆ ನಾವೂ ಬಹುಶಃ ಎರಡು ದಿನ ಕಸ ಬಳಿದು ಬರುತ್ತಿದ್ದೆವು.

ಹೂಳಿನ ಜೊತೆ ನಾಲ್ಕು ಕೊಡ, ಒಂದು ರಾಟೆ, ಒಂದು ಪಾತಾಳಗರಡಿ ಸಿಕ್ಕವು. ಕೊಡ ಎತ್ತಲು ಬಿಟ್ಟ ಪಾತಾಳಗರಡಿಯೇ ಹಗ್ಗ ಹರಿದು ಒಳಗೆ ಬಿದ್ದಿರಬೇಕು. ಒಂದು ಹಿತ್ತಾಳೆ ಕೊಡದ ಕಂಠದಲ್ಲಿ ಹೆಸರು ಕೊರೆಸಿದ ಗುರುತಿತ್ತು. ಸವೆದು ಎರಡೇ ಅಕ್ಷರ ಉಳಿದಿದ್ದವು. ಸುದ್ದಿ ಕೇಳಿ ಮೂವರು ಅಜ್ಜಿಯರು ಬಂದರು. ಮೂವರೂ ಹೊಸ ಮದುವಣಗಿತ್ತಿಯರಾಗಿದ್ದಾಗ ಒಂದೊಂದು ಕೊಡ ಬೀಳಿಸಿ ಅತ್ತೆಯ ಕೈಲಿ ಬೈಸಿಕೊಂಡವರೇ. ಮೂವರೂ ಕೊಡವನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಯಾರೂ ಒಯ್ಯಲಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಮರುದಿನ ಅದರಲ್ಲೇ ಮಜ್ಜಿಗೆ ತುಂಬಿಕೊಂಡು ಮೂವರೂ ಬಾವಿಗೆ ಬಂದರು. ಜೀರಿಗೆ, ಬಳ್ಳೊಳ್ಳಿ, ಉಪ್ಪು ಅರೆದು ಹಾಕಿದ ಆ ಮಜ್ಜಿಗೆಯ ತಂಪು ನಾನು ಮರೆಯುವುದಿಲ್ಲ.

ಈಗ ನಮ್ಮ 23 ಹುಡುಗಿಯರ ಪರವಾಗಿ ಒಂದು ಮಾತು. ನಾವು ಉಳಿದುಕೊಂಡಲ್ಲಿ ಶೌಚಾಲಯ ಇತ್ತು, ನೀರಿರಲಿಲ್ಲ. ದಿನವಿಡೀ ಕೆಸರಿನಲ್ಲಿ ಕೆಲಸ. ಮುಟ್ಟಾದವರೂ ಇದ್ದರು, ನಾನೂ ಒಬ್ಬಳು. ಯಾರಿಗೆ ಹೇಳುವುದು? ಎರಡನೇ ದಿನ ಸಂಜೆ ಒಬ್ಬ ತಾಯಿ ಬಂದು, ಏನೂ ಕೇಳದೆ, "ನಮ್ಮ ಬಚ್ಚಲದಾಗ ನೀರು ಕಾಯಾಕಿಟ್ಟೇನಿ, ಮೂರು ಮಂದಿ ಬರ್ರಿ" ಅಂದರು. ಕತ್ತಲಾಗುವುದರೊಳಗೆ ಎಂಟು ಮನೆಗಳು ನಮ್ಮನ್ನು ಹಂಚಿಕೊಂಡಿದ್ದವು. ಆ ಊರಿಗೆ ನಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಇದು ನನಗೆ ಗೊತ್ತಾದದ್ದು ಐದನೇ ದಿನ. ನಾನು ಹೋಗುತ್ತಿದ್ದ ಮನೆಯಲ್ಲಿ ಹಂಡೆಯ ಪಕ್ಕ ಎರಡು ಕೊಡ ಯಾವಾಗಲೂ ಮುಚ್ಚಿಟ್ಟಿರುತ್ತಿದ್ದರು. ಅವು ನಮಗೆಂದೇ ಎತ್ತಿಟ್ಟ ನೀರು. ಅವ್ವ ತಾನು ಸ್ನಾನ ಮಾಡದೆ ಬರೀ ಕೈಕಾಲು ತೊಳೆದುಕೊಳ್ಳುತ್ತಿದ್ದಳು ಅಂತ ಆಕೆಯ ಮಗಳು ಹೇಳಿದಳು. ಇದಕ್ಕೆ ಏನು ಹೇಳಬೇಕು ಅಂತ ನನಗೆ ಇನ್ನೂ ತಿಳಿಯುತ್ತಿಲ್ಲ. ಸಮಾರೋಪದಲ್ಲಿ ನನ್ನ ಗಂಟಲು ಕಟ್ಟಿದ್ದು ಚೀಟಿಯಲ್ಲಿ ಈ ಸಾಲಿಗೆ ಬಂದಾಗ.

ಐದನೇ ದಿನ ಮಧ್ಯಾಹ್ನ ಬಾವಿಗೆ ರಜೆ ಕೊಟ್ಟು ಲಕ್ಕುಂಡಿಗೆ ಹೋದೆವು. ಅಜ್ಜನನ್ನೂ ಬಸ್ಸಿನಲ್ಲಿ ಕೂರಿಸಿಕೊಂಡೆವು. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವನ್ನು ಅವರು ಕೈಮುಗಿದು ದಾಟಿದರು. ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿಯ ಹತ್ತಿರ ಮಾತ್ರ ಬಹಳ ಹೊತ್ತು ಕೂತರು. ಮೂರು ಕಡೆಯಿಂದ ಇಳಿಯುವ ಆ ಮೆಟ್ಟಿಲುಗಳ ಕಲ್ಲಿನ ಸಂದಿಗೆ ಉಗುರು ಆಡಿಸಿ ನೋಡಿದರು. "ನಮ್ಮದೂ ಹಿಂಗ ಕೂಡಸ್ಯಾರ" ಅಂದರು. ಅಷ್ಟೇ.

ಮರುದಿನ ಬೆಳಿಗ್ಗೆ ತಳ ಕಂಡಿತು. ಒಟ್ಟು 31 ಮೆಟ್ಟಿಲು. ಹೂಳಿನಲ್ಲಿ ಹೂತಿದ್ದ ಐದೂ ಮೆಟ್ಟಿಲು ಹೊರಗೆ ಬಂದಿದ್ದವು. ಮೂಡಣ ಮೂಲೆಯಲ್ಲಿ ಸೆಲೆ ಇದೆ ಅಂತ ಅಜ್ಜ ಮೊದಲಿಂದ ಹೇಳುತ್ತಿದ್ದರು. ಅಲ್ಲಿ ಹೂಳು ಕೆರೆಯುತ್ತಿದ್ದ ಹುಡುಗ ಒಮ್ಮೆಲೇ "ಕಾಲಿಗೆ ತಣ್ಣಗೆ ಹತ್ತಾಕತ್ತೇತಿ!" ಅಂತ ಕೂಗಿದ. ಮೆಟ್ಟಿಲ ಸಾಲು ಚದುರಿತು. ಎಲ್ಲರೂ ಇಳಿದು ಆ ಮೂಲೆಗೆ ಕೈ ಹಿಡಿದೆವು. ಕೊನೆಯ ದಿನ ಹೊರಡುವಾಗ ಎರಡು ಮೆಟ್ಟಿಲು ಮುಳುಗುವಷ್ಟು ನೀರಿತ್ತು.

ಈ ನೀರನ್ನು ಈಗಲೇ ಯಾರೂ ಕುಡಿಯಬೇಡಿ. ಸದ್ಯ ದನಕರುಗಳಿಗೆ, ಬಳಕೆಗೆ ಸಾಕು. ನಮ್ಮ ಜಿಲ್ಲೆಯ ನೆಲದ ನೀರಿನಲ್ಲಿ ಫ್ಲೋರೈಡ್ ತೊಂದರೆ ಇರುವುದು ನಿಮಗೂ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲಿಗೆ, ಮೂಳೆಗೆ ಕುತ್ತು. ನಮ್ಮ ಕೆಮಿಸ್ಟ್ರಿ ಗೆಳತಿಯರು ಬಾಟಲಿಯಲ್ಲಿ ತಂದ ನೀರನ್ನು ಪರೀಕ್ಷೆಗೆ ಕೊಟ್ಟಿದ್ದಾರೆ. ವರದಿ ಬಂದ ದಿನವೇ ತಿಳಿಸುತ್ತೇವೆ.

ಹೂಳನ್ನು 22 ಟ್ರಿಪ್ ಹೊಲಗಳಿಗೆ ಸಾಗಿಸಿದ ಟ್ರ್ಯಾಕ್ಟರ್ ಅಣ್ಣನಿಗೆ, ರಾತ್ರಿ ಜ್ವರ ಬಂದ ಗೆಳತಿಯ ಹಾಸಿಗೆ ಬಿಟ್ಟು ಕದಲದ ಆಶಾ ಕಾರ್ಯಕರ್ತೆ ಅಕ್ಕನಿಗೆ, ದಿನಾ ಮನೆಮನೆಯಿಂದ ರೊಟ್ಟಿ ಕೂಡಿಸಿ ತಂದ ಸಂಘದ ತಾಯಂದಿರಿಗೆ, ನಮ್ಮೆಲ್ಲರಿಗಿಂತ ಮೊದಲು ಎದ್ದು ಕೊನೆಗೆ ಮಲಗಿದ ನಮ್ಮ ಸರ್‌ಗೆ ಶರಣು. ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತು "ಹೋಗಿ ಬಾ, ನಿನ್ನ ಮ್ಯಾಲೆ ನಂಬಿಗಿ ಐತಿ" ಅಂದ ನಮ್ಮಪ್ಪನಿಗೂ. ಮತ್ತೆ ನನ್ನ 49 ಗೆಳೆಯ ಗೆಳತಿಯರೇ, ಎರಡು ವರ್ಷ ಒಂದೇ ಕಾಲೇಜಿನಲ್ಲಿದ್ದು ಎಷ್ಟೋ ಜನರ ಹೆಸರೂ ನನಗೆ ಗೊತ್ತಿರಲಿಲ್ಲ. ಈಗ ಯಾರ ಮುಖ ಸುಸ್ತಾದಾಗ ಹೇಗಿರುತ್ತದೆ ಅಂತ ಗೊತ್ತು.

ಅಜ್ಜ ಪ್ರತಿ ಭಾನುವಾರ ಮೊಮ್ಮಗನ ಫೋನಿನಿಂದ ಕರೆ ಮಾಡುತ್ತಾರೆ. ಮೊದಲ ಭಾನುವಾರ ಮೂರು ಮೆಟ್ಟಿಲು ಅಂದರು. ಆಮೇಲೆ ನಾಲ್ಕು. ನಿನ್ನೆ, "ಐದು ಮುಳಗ್ಯಾವು. ನಿಮ್ಮ ರಿಸಲ್ಟ್ ಬಂತೇನವಾ?" ಅಂತ ಕೇಳಿದರು. ಇನ್ನೂ ಬಂದಿಲ್ಲ ಅಜ್ಜಾ. ಬರುವ ಭಾನುವಾರ ನೀವು ಫೋನ್ ಮಾಡಬೇಡಿ, ನಾವು ಹತ್ತು ಜನ ಬೆಳಗಿನ ಬಸ್ಸಿಗೆ ಬರುತ್ತಿದ್ದೇವೆ. ಅಕ್ಕಾ, ನಿಮ್ಮ ಸಿಂಬಿ ನನ್ನ ಬ್ಯಾಗಿನಲ್ಲೇ ಬಂದುಬಿಟ್ಟಿದೆ. ತಂದುಕೊಡುತ್ತೇನೆ.