ಪೋರ್ಟ್ ತೆಗೆಸಿಕೋ, ಪುಟ್ಟಿ

ಪ್ರೀತಿಯ ಪುಟ್ಟಿ,

ಬಸವನಗುಡಿಯಿಂದ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಅಮ್ಮ ಫೋನ್ ಮಾಡಿದ್ದಳು. ಸ್ತನ ಕ್ಯಾನ್ಸರಿಗೆ ಕೊಡುತ್ತಿದ್ದ ಹರ್ಸೆಪ್ಟಿನ್ ಔಷಧಿಯ ಕೊನೆಯ ಡೋಸ್ ಆಯಿತಂತೆ, ಹೃದಯದ ಎಕೋ ರಿಪೋರ್ಟ್ ಚೆನ್ನಾಗಿ ಬಂದಿದೆಯಂತೆ, ಔಷಧಿ ಹಾಕಲು ಎದೆಯ ಚರ್ಮದಡಿ ಕೂರಿಸಿದ್ದ ಪೋರ್ಟನ್ನು ಇನ್ನು ತೆಗೆಸಿಕೊಳ್ಳಿ ಅಂತ ಡಾಕ್ಟರ್ ಹೇಳಿದರಂತೆ. ಕೇಳಿ ಕಣ್ಣು ತುಂಬಿ ಬಂತು. ಆದರೆ ನೀನು ದಿನ ಗೊತ್ತುಮಾಡದೆ ಮುಂದಕ್ಕೆ ಹಾಕುತ್ತಿದ್ದೀಯ ಅಂತಲೂ ಹೇಳಿದಳು. ನಿಮ್ಮತ್ತೆ ಆಷಾಢ ಕಳೆಯಲಿ ಅಂದರಂತೆ. ನಿಮ್ಮಮ್ಮನೇ ಇನ್ನೊಂದು ವರ್ಷ ಇರಲಿ ಬಿಡು ಅಂದಳಂತೆ. ನೀನು ಯಾರಿಗೂ ಏನೂ ಹೇಳದೆ ಸುಮ್ನಿದ್ದೀಯಂತೆ. ಫೋನಿನಲ್ಲಿ ಕೇಳಿದರೆ "ಹೂಂ ದೊಡ್ಡಮ್ಮ, ನೋಡೋಣ" ಅಂತ ಮಾತು ಮುಗಿಸಿಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ತೆಗೆಸಿಕೋ. ನನ್ನ ಮಾತು ಇಷ್ಟೇ. ಯಾಕೆ ಅಂತ ಹೇಳುತ್ತೇನೆ, ನಿಧಾನವಾಗಿ ಓದು.

ಆ ಪೋರ್ಟ್ ನಮ್ಮಂಥವರಿಗೆ ಮಾಡಿದ ಉಪಕಾರ ಸಣ್ಣದಲ್ಲ. ನನಗೆ ಟ್ರೀಟ್‌ಮೆಂಟ್ ಆಗಿದ್ದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ. 1973ರಲ್ಲಿ ಶುರುವಾದ ಆಸ್ಪತ್ರೆ ಅದು, ರಾಜ್ಯದ ಮೂಲೆಮೂಲೆಯಿಂದ ಜನ ಬರುತ್ತಾರೆ. ಕೀಮೋ ವಾರ್ಡಿನಲ್ಲಿ ನನ್ನ ಪಕ್ಕ ರಾಯಚೂರು ಕಡೆಯ ಹೆಂಗಸೊಬ್ಬರು ಇರುತ್ತಿದ್ದರು. ಅವರಿಗೆ ಪೋರ್ಟ್ ಇರಲಿಲ್ಲ, ಕೈ ನರದಲ್ಲೇ ಕೀಮೋ. ಮುಂಗೈಯಿಂದ ಮೊಣಕೈವರೆಗೆ ನರಗಳೆಲ್ಲ ಕಪ್ಪಾಗಿ, ಗಟ್ಟಿಯಾಗಿ ಹೋಗಿದ್ದವು. ಪ್ರತಿ ಸಲ ನರ ಸಿಗದೆ ಎರಡು ಮೂರು ಕಡೆ ಚುಚ್ಚುತ್ತಿದ್ದರು. ಒಂದು ಕಡೆ ಕಂಕುಳ ಗಂಟು ತೆಗೆದಿದ್ದರಿಂದ ಆ ಕೈಗೆ ಸೂಜಿ ಹಾಕುವ ಹಾಗಿಲ್ಲ, ಇರುವ ಒಂದೇ ಕೈಯಲ್ಲಿ ಎಲ್ಲ ಆಗಬೇಕು. ಅದರಲ್ಲೂ ಆ ಕೆಂಪು ಬಣ್ಣದ ಕೀಮೋ ಔಷಧಿ ನರದಿಂದ ಆಚೆ ಸೋರಿದರೆ ಒಳಗಿನ ಮಾಂಸವನ್ನೇ ಸುಟ್ಟುಬಿಡುತ್ತದೆ. ಅವರನ್ನು ನೋಡಿದ ಮೇಲೆ ನನ್ನ ಕಾಲರ್ ಬೋನ್ ಕೆಳಗಿನ ಆ ಉಬ್ಬಿನ ಮೇಲೆ ನನಗೆ ಗೌರವ ಬಂದಿತ್ತು. ನಿನಗೂ ಅಷ್ಟೇ ಅಲ್ವಾ? ಹೃದಯದ ಹತ್ತಿರದ ದೊಡ್ಡ ನರದವರೆಗೆ ಹೋದ ಆ ಸಣ್ಣ ಕೊಳವೆಯಲ್ಲೇ ನಿನ್ನ ಔಷಧಿಯೆಲ್ಲ ಒಳಗೆ ಹೋಯಿತು.

ಆದರೆ ಅದರ ಕೆಲಸ ಮುಗಿಯಿತು. ಇನ್ನು ನಿನಗಿರುವುದು ಕಾಯಿಲೆ ಮರಳದಿರಲಿ ಅಂತ ಕೊಡುವ ಟಾಮೋಕ್ಸಿಫೆನ್ ಮಾತ್ರೆ. ಅದಕ್ಕೆ ಒಂದು ಲೋಟ ನೀರು ಸಾಕು. ರಕ್ತ ಪರೀಕ್ಷೆಗೆ ನಿನ್ನ ಬಲಗೈ ಇದೆ. ಕೆಲಸವಿಲ್ಲದ ಪೋರ್ಟ್ ಸುಮ್ನೆ ಇರುವುದೂ ಇಲ್ಲ. ಕಟ್ಟಿಕೊಳ್ಳದ ಹಾಗೆ ನಾಲ್ಕು ವಾರಕ್ಕೋ, ನಿಮ್ಮ ಆಸ್ಪತ್ರೆಯವರು ಹೇಳಿದಷ್ಟು ದಿನಕ್ಕೋ ಒಮ್ಮೆ ಅದರೊಳಗೆ ಸಲೈನ್ ಹಾಯಿಸಿ ಫ್ಲಶ್ ಮಾಡಿಸಬೇಕು. ಅಷ್ಟಕ್ಕಾಗಿ ಮಾರತಹಳ್ಳಿಯಿಂದ ಸಿಲ್ಕ್ ಬೋರ್ಡ್ ದಾಟಿ ಹೋಗಿ ಬರಬೇಕು. ಇಷ್ಟು ಮಾಡಿದರೂ ಒಳಗಿರುವಷ್ಟು ದಿನ ಇನ್‌ಫೆಕ್ಷನ್ ಆಗುವ, ಕೊಳವೆಯ ಸುತ್ತ ರಕ್ತ ಹೆಪ್ಪುಗಟ್ಟುವ ಭಯ ಸ್ವಲ್ಪವಾದರೂ ಇದ್ದೇ ಇರುತ್ತದೆ. ನೀನು ಕಾರು ಓಡಿಸುವಾಗ ಸೀಟ್ ಬೆಲ್ಟ್ ಸರಿಯಾಗಿ ಅದರ ಮೇಲೇ ಬರುತ್ತದೆ ಅಂತ ಟವಲ್ ಮಡಚಿ ಇಟ್ಟುಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಮನೆ ಕಟ್ಟುವಾಗ ತಾರಸಿಗೆ ಸೆಂಟ್ರಿಂಗ್ ಕೊಡುತ್ತಾರಲ್ಲ, ಕಾಂಕ್ರೀಟು ಗಟ್ಟಿಯಾದ ಮೇಲೆ ಅದನ್ನು ಬಿಚ್ಚುತ್ತಾರೆ. ತಾರಸಿ ಬಿದ್ದುಬಿಟ್ಟರೆ ಅಂತ ಕಂಬಗಳನ್ನು ಹಾಗೇ ಬಿಟ್ಟುಕೊಂಡು ಯಾರೂ ಸಂಸಾರ ಮಾಡುವುದಿಲ್ಲ.

ನಿನ್ನ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತು, ಪುಟ್ಟಿ. ತೆಗೆಸಿದ ಮೇಲೆ ಮತ್ತೆ ಬಂದರೆ? ಇದೇ ತಾನೇ? ಪೋರ್ಟ್ ಇದೆ ಅಂತ ಕಾಯಿಲೆ ಬರದೆ ಇರುವುದಿಲ್ಲ. ಇಲ್ಲ ಅಂತ ಬರುವುದೂ ಇಲ್ಲ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬೇಕಾದ ಕಾಲ ಬಂದರೆ ಇನ್ನೊಂದು ಹಾಕುತ್ತಾರೆ. ಕೆಲವರಿಗೆ ಇನ್ನೂ ಸ್ವಲ್ಪ ಕಾಲ ಇರಲಿ ಅಂತ ಡಾಕ್ಟರೇ ಹೇಳುವುದುಂಟು. ಹಾಗೆ ಹೇಳಿದ್ದರೆ ನಾನೂ ಇರಲಿ ಅನ್ನುತ್ತಿದ್ದೆ. ನಿನಗೆ ತೆಗೆಯಿರಿ ಅಂದಿದ್ದಾರೆ.

ನನಗೆ ಅನ್ನಿಸುವುದು ಹೇಳಲಾ? ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗುತ್ತಿದ್ದಾಗ ನಿನ್ನನ್ನು ನೋಡುವವರು ಇದ್ದರು. ಸಿಸ್ಟರ್ ಮುಖ ನೋಡಿಯೇ "ಯಾಕೆ, ಊಟ ಸೇರ್ತಾ ಇಲ್ವಾ?" ಅಂತ ಕೇಳುತ್ತಿದ್ದರು. ಈಗ ಮುಂದಿನ ಚೆಕಪ್‌ಗೆ ತಿಂಗಳುಗಟ್ಟಲೆ ಇದೆ. ಪೋರ್ಟ್ ತೆಗೆದರೆ ಆ ನಂಟೂ ಹೋಗುತ್ತೆ ಅನ್ನುವ ದಿಗಿಲು ಅದು. ಟ್ರೀಟ್‌ಮೆಂಟ್ ನಡೆಯುವಾಗ ಇಲ್ಲದ ಭಯ ಮುಗಿದ ಮೇಲೆ ಬಂದು ಕೂರುತ್ತದೆ, ತುಂಬಾ ಜನಕ್ಕೆ ಹೀಗೇ ಆಗುತ್ತದೆ. ಅದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳು. ಮನಸ್ಸಿಗೆ ಧೈರ್ಯ ಹೇಳುವ ಕೌನ್ಸೆಲರ್‌ಗಳು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇರುತ್ತಾರೆ. ಮತ್ತೆ ನಿನ್ನ ಕಾವಲು ಇರುವುದು ಬೇರೆ ಕಡೆ. ಮಾತ್ರೆ ಒಂದು ದಿನವೂ ತಪ್ಪಬಾರದು, ಐದು ವರ್ಷವೋ ಹತ್ತು ವರ್ಷವೋ ಅವರು ಹೇಳಿದಷ್ಟು. ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಚೆಕಪ್, ವರ್ಷಕ್ಕೊಮ್ಮೆ ಸ್ತನದ ಮ್ಯಾಮೊಗ್ರಾಮ್ ಪರೀಕ್ಷೆ. ಆಪರೇಷನ್ ಆದ ಕಡೆಯ ಎಡಗೈ ಊದಿಕೊಂಡರೆ ತಡಮಾಡದೆ ತೋರಿಸು. ಭಯವನ್ನೆಲ್ಲ ಇದರಲ್ಲಿ ಖರ್ಚು ಮಾಡು, ಸಾರ್ಥಕವಾಗುತ್ತದೆ.

ನಿಮ್ಮತ್ತೆಯ ಮಾತಿಗೆ ಎದುರಾಡಬೇಡ. ನೀನು ವಾಂತಿ ಮಾಡಿಕೊಂಡು ಮಲಗಿದ್ದಾಗ ರಾತ್ರಿಯೆಲ್ಲ ಎದ್ದು ಗಂಜಿ ಕಾಯಿಸಿದವರು ಅವರು. ಇದು ಅವಸರದ ಆಪರೇಷನ್ ಅಲ್ಲ, ಆಷಾಢ ಕಳೆದ ಮೇಲೆ ಮಾಡಿಸಿದರೆ ಏನೂ ನಷ್ಟವಿಲ್ಲ. ಡಾಕ್ಟರನ್ನು ಒಂದು ಮಾತು ಕೇಳಿಕೋ, ನಡುವೆ ಫ್ಲಶ್ ತಪ್ಪಿಸಬೇಡ. ಆದರೆ ಇನ್ನೊಂದು ವರ್ಷ ಅನ್ನುವುದು ಬೇರೆ ಮಾತು. ನಿಮ್ಮಮ್ಮನಿಗೆ ನಾನು ಹೇಳುತ್ತೇನೆ, ಅದು ನನಗೆ ಬಿಡು.

ತೆಗೆಯುವುದು ಹೆಚ್ಚೇನಲ್ಲ. ಹೆಚ್ಚಿನವರಿಗೆ ಆ ಜಾಗ ಮಾತ್ರ ಮರಗಟ್ಟಿಸುತ್ತಾರೆ, ಎಚ್ಚರವಾಗೇ ಇರುತ್ತೀಯ. ಆ ಇಂಜೆಕ್ಷನ್ ಚುರುಗುಟ್ಟುತ್ತದೆ, ನೋವು ಅಂದರೆ ಅದೇ. ಹಳೇ ಗಾಯದ ಗೆರೆಯ ಮೇಲೇ ಕುಯ್ಯುತ್ತಾರೆ. ಪೋರ್ಟಿನ ಸುತ್ತ ಮೈ ತಾನೇ ಒಂದು ಪೊರೆ ಕಟ್ಟಿಕೊಂಡಿರುತ್ತದೆ. ಅದನ್ನು ಬಿಡಿಸುವಾಗ ಒತ್ತಿದ ಹಾಗೆ, ಎಳೆದ ಹಾಗೆ ಆಗುತ್ತದೆ. ಕೊಳವೆ ಬಂದದ್ದು ಗೊತ್ತೇ ಆಗುವುದಿಲ್ಲ. ಆಮೇಲೆ ರಕ್ತ ನಿಲ್ಲಲಿ ಅಂತ ಸ್ವಲ್ಪ ಹೊತ್ತು ಒತ್ತಿ ಹಿಡಿದು ಹೊಲಿಗೆ ಹಾಕುತ್ತಾರೆ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ, ಅವತ್ತೇ ಮನೆಗೆ. ತಿನ್ನದೆ ಬರಬೇಕಾ, ಯಾವ ಮಾತ್ರೆ ನಿಲ್ಲಿಸಬೇಕು ಅಂತ ಮೊದಲೇ ಕೇಳು, ನೀನಾಗೇ ಯಾವುದನ್ನೂ ನಿಲ್ಲಿಸಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಖಂಡಿತ ಹೇಳಬೇಕು. ಬಿಪಿ ಪಟ್ಟಿ ಎಡಗೈಗೆ ಕಟ್ಟಲು ಬಂದರೆ ಬೇಡ ಅನ್ನು, ಸಂಕೋಚಪಡಬೇಡ.

ಮುಂದೆ ಗುಂಡಿ ಇರುವ ಸಡಿಲ ಬಟ್ಟೆ ಹಾಕಿಕೊಂಡು ಹೋಗು. ಅವರು ಹೇಳುವವರೆಗೆ ಗಾಯಕ್ಕೆ ನೀರು ತಾಗಿಸಬೇಡ. ಯಾರೇ ಹೇಳಿದರೂ ಅರಿಶಿನ, ತುಪ್ಪ ಹಚ್ಚಬೇಡ. ಒಂದು ವಾರ ಭಾರ ಎತ್ತುವ ಹಾಗಿಲ್ಲ, ಆ ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ನಿನ್ನ ಗಂಡ ಎತ್ತಲಿ. ಮಗು ಎತ್ತಿಕೋ ಅಂತ ಹಟ ಮಾಡಿದರೆ ಕೂತುಕೊಂಡು ತೊಡೆ ಮೇಲೆ ಹಾಕಿಕೋ. ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಬಂದರೆ, ರಕ್ತ ನಿಲ್ಲದಿದ್ದರೆ, ಪೋರ್ಟ್ ಇದ್ದ ಕಡೆಯ ಬಲಗೈಯೋ ಕತ್ತೋ ಊದಿಕೊಂಡರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗು. ಇನ್ನೊಂದು. ಗಾಯ ಮಾಯುವಾಗ ಆ ಜಾಗದಲ್ಲಿ ಕೆಲವು ವಾರ ಗಟ್ಟಿಯಾಗಿ ಕೈಗೆ ಸಿಗಬಹುದು. ಗಡ್ಡೆ ಅಂತ ನೀನು ರಾತ್ರಿಯೆಲ್ಲ ನಿದ್ದೆಗೆಡುತ್ತೀಯ ಅಂತ ಈಗಲೇ ಹೇಳುತ್ತಿದ್ದೇನೆ. ದಿನ ಹೋದ ಹಾಗೆ ಕರಗಬೇಕು. ಕರಗದೆ ದೊಡ್ಡದಾದರೆ ತೋರಿಸು.

ಅವತ್ತು ಎಲ್ಲರೂ "ಖುಷಿ ಆಯ್ತಾ?" ಅಂತ ಕೇಳುತ್ತಾರೆ. ಖುಷಿ ಆಗದೆ ಅಳು ಬಂದರೆ ಅಳು. ಏನೂ ಅನ್ನಿಸದಿದ್ದರೂ ತಪ್ಪಿಲ್ಲ. ಯಾರಿಗೋಸ್ಕರವೂ ನಗಬೇಕಾಗಿಲ್ಲ.

ದಿನ ಗೊತ್ತಾದ ಕೂಡಲೇ ನನಗೆ ಹೇಳು, ನಾನು ಜೊತೆಗೆ ಬರುತ್ತೇನೆ. ಬೆಳಗ್ಗೆ ಇಲ್ಲಿಂದ ಹೊರಟರೆ ಆ ಟ್ರಾಫಿಕ್‌ನಲ್ಲಿ ಹೊತ್ತಿಗೆ ಸರಿಯಾಗಿ ಮುಟ್ಟುವ ಮಾತಲ್ಲ, ಹಿಂದಿನ ದಿನ ಸಾಯಂಕಾಲವೇ ನಿಮ್ಮ ಮನೆಗೆ ಬಂದುಬಿಡುತ್ತೇನೆ. ಹಳೆಯ ರಿಪೋರ್ಟ್‌ಗಳ ಫೈಲು, ಇನ್ಶೂರೆನ್ಸ್ ಕಾರ್ಡು ಈಗಲೇ ಒಂದು ಕಡೆ ಎತ್ತಿಡು. ಮಗುವನ್ನು ಸ್ಕೂಲಿಗೆ ಕಳಿಸುವುದನ್ನು ನಿಮ್ಮತ್ತೆಗೆ ಹೇಳೋಣ, ಅವರಿಗೂ ಸಮಾಧಾನ ಆಗುತ್ತದೆ.

ನಿನ್ನ
ದೊಡ್ಡಮ್ಮ